ಮೂಳೆಯ ಹೊಣೆ ಯಾರದು?

ಮೂರು ತಿಂಗಳು ಮೀರಿ ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಬರೆದುಕೊಡುವ ವೈದ್ಯರು, ಅದೇ ದಿನ ಅದೇ ಚೀಟಿಯಲ್ಲಿ ರೋಗಿಯ ಮೂಳೆಯ ರಕ್ಷಣೆಗೂ ಬರೆಯಬೇಕು. ವೈದ್ಯಶಾಸ್ತ್ರಕ್ಕೆ ಇದು ಹೊಸ ಮಾತಲ್ಲ. ದಿನಕ್ಕೆ 2.5 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸ್ಟೀರಾಯ್ಡನ್ನು ಮೂರು ತಿಂಗಳಿಗಿಂತ ಹೆಚ್ಚು ಕಾಲ ತೆಗೆದುಕೊಳ್ಳುವವರಲ್ಲಿ ಮೂಳೆ ಮುರಿತದ ಅಪಾಯವನ್ನು ಅಂದಾಜು ಮಾಡಬೇಕೆಂದು ಅಮೆರಿಕನ್ ಕಾಲೇಜ್ ಆಫ್ ರುಮಟಾಲಜಿಯ ಮಾರ್ಗಸೂಚಿ ಹೇಳುತ್ತದೆ. ಆದರೂ ಎಷ್ಟೋ ಕಡೆ ಈ ಕೆಲಸ ಆಗುತ್ತಿಲ್ಲ. ಏಕೆ?

ಮೊದಲ ಕಾರಣ ಔಷಧದ ಗುಣದಲ್ಲೇ ಇದೆ. 1948ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ವೈದ್ಯ ಫಿಲಿಪ್ ಹೆಂಚ್ ಸಂಧಿವಾತದ ಮಹಿಳೆಯೊಬ್ಬರಿಗೆ ಕಾರ್ಟಿಸೋನ್ ಎಂಬ ಸ್ಟೀರಾಯ್ಡಿನ ಚುಚ್ಚುಮದ್ದು ಕೊಡಿಸಿದರು. ನಡೆಯಲು ಒದ್ದಾಡುತ್ತಿದ್ದ ಆಕೆ ಕೆಲವೇ ದಿನಗಳಲ್ಲಿ ಪೇಟೆಗೆ ಹೋಗಿಬಂದರು. ಎರಡು ವರ್ಷಕ್ಕೆ, 1950ರಲ್ಲಿ, ಹೆಂಚ್ ಅವರಿಗೆ ನೊಬೆಲ್ ಬಂತು. ಲೂಪಸ್, ತೀವ್ರ ಉಬ್ಬಸ, ಪೆಂಫಿಗಸ್‌ನಂಥ ಕಾಯಿಲೆಗಳಲ್ಲಿ ಇಂದಿಗೂ ಜೀವ ಉಳಿಸುವುದು ಇದೇ ಜಾತಿಯ ಔಷಧ. ಇದರ ಉಪಕಾರ ಬೇಗ ಕಣ್ಣಿಗೆ ಕಾಣುತ್ತದೆ, ಅಪಕಾರ ಕಾಣುವುದಿಲ್ಲ. ಇದೇ ಜಾತಿಯ ಹಾರ್ಮೋನನ್ನು ದೇಹವೇ ಅತಿಯಾಗಿ ಸುರಿಸುವ ರೋಗವನ್ನು ವೈದ್ಯ ಹಾರ್ವೆ ಕುಶಿಂಗ್ 1932ರಲ್ಲೇ ವರ್ಣಿಸಿದ್ದರು. ಮೂಳೆ ಮೆತ್ತಗಾಗಿ ಬೆನ್ನು ಬಾಗುವುದೂ ಆ ವರ್ಣನೆಯಲ್ಲಿತ್ತು. ಎಂದರೆ ಔಷಧಕ್ಕಿಂತ ಎಚ್ಚರಿಕೆಯೇ ಹಳೆಯದು.

ನಮ್ಮ ಮೂಳೆ ಜೀವಮಾನವಿಡೀ ರಿಪೇರಿಯಲ್ಲಿರುವ ಮನೆ. ಒಂದು ಬಗೆಯ ಜೀವಕೋಶಗಳು ಹಳತನ್ನು ಕೆಡವುತ್ತವೆ, ಇನ್ನೊಂದು ಬಗೆಯವು ಹೊಸದನ್ನು ಕಟ್ಟುತ್ತವೆ. ಸ್ಟೀರಾಯ್ಡ್ ಕಟ್ಟುವವರ ಸಂಖ್ಯೆಯನ್ನು ಇಳಿಸಿ, ಕೆಡವುವವರ ಆಯುಸ್ಸನ್ನು ಹೆಚ್ಚಿಸುತ್ತದೆ. ಜೊತೆಗೆ ಕರುಳು ಕ್ಯಾಲ್ಸಿಯಂ ಹೀರುವುದು ಕಡಿಮೆಯಾಗಿ, ಮೂತ್ರದಲ್ಲಿ ಅದು ಹೋಗುವುದು ಜಾಸ್ತಿಯಾಗುತ್ತದೆ. ಮೂಳೆ ಅತಿ ವೇಗವಾಗಿ ಸವೆಯುವುದು ಮೊದಲ ಮೂರರಿಂದ ಆರು ತಿಂಗಳಲ್ಲಿ. ‘ಆಮೇಲೆ ನೋಡೋಣ’ ಎಂದು ಮುಂದೂಡಿದ ಕಾಲದಲ್ಲೇ ದೊಡ್ಡ ನಷ್ಟ ಆಗಿಹೋಗಿರುತ್ತದೆ.

ಈ ನಷ್ಟಕ್ಕೆ ನೋವಿಲ್ಲ. ಬಚ್ಚಲಲ್ಲಿ ನೀರು ತುಂಬಿದ ಬಕೆಟ್ ಎತ್ತಿದಾಗ ಬೆನ್ನಲ್ಲಿ ಏನೋ ಹಿಡಿದಂತಾಗುತ್ತದೆ. ಉಳುಕಿರಬೇಕೆಂದು ಮುಲಾಮು ಹಚ್ಚಿಕೊಳ್ಳುತ್ತಾರೆ. ಕೆಲವರಿಗೆ ಅಷ್ಟೂ ಗೊತ್ತಾಗುವುದಿಲ್ಲ. ಅಡುಗೆಮನೆಯ ಮೇಲಿನ ಗೂಡಿಗೆ ಮೊದಲು ಎಟಕುತ್ತಿದ್ದ ಕೈ ಈಗ ಎಟಕದು, ಅಷ್ಟೇ. ಬೆನ್ನೆಲುಬಿನ ಮಣಿ ಕುಸಿದಿರುವುದು ಎಕ್ಸ್‌ರೇ ತೆಗೆಸಿದ ಮೇಲೆಯೇ ತಿಳಿಯುವುದು. ಎರಡನೆಯ ಕಾರಣ ವೈದ್ಯರ ಕೆಲಸದ ಹಂಚಿಕೆಯಲ್ಲಿದೆ. ಶ್ವಾಸಕೋಶದ ವೈದ್ಯರು ಉಸಿರನ್ನು ನೋಡುತ್ತಾರೆ, ಚರ್ಮದ ವೈದ್ಯರು ಚರ್ಮವನ್ನು ನೋಡುತ್ತಾರೆ. ಮೂಳೆ ವೈದ್ಯರ ಬಳಿ ರೋಗಿ ಹೋಗುವುದು ಮೂಳೆ ಮುರಿದ ಮೇಲೆ. ಅಲ್ಲಿಯವರೆಗೆ ಆ ಮೂಳೆಗೆ ಹೇಳುವವರು ಕೇಳುವವರು ಯಾರೂ ಇರುವುದಿಲ್ಲ.

ಚೀಟಿಯಲ್ಲೇ ಮೂಳೆಗೂ ಬರೆಯಬೇಕೆಂಬ ಮಾತಿಗೆ ಒಂದು ಆಕ್ಷೇಪವಿದೆ. ಮೂಳೆಯ ಮಾತೆತ್ತಿದರೆ ರೋಗಿ ಹೆದರಿ ಮಾತ್ರೆಯನ್ನೇ ಬಿಟ್ಟಾನು ಎನ್ನುತ್ತಾರೆ. ಭಯ ಸುಳ್ಳಲ್ಲ. ಬಹುಕಾಲ ತೆಗೆದುಕೊಂಡ ಸ್ಟೀರಾಯ್ಡನ್ನು ಥಟ್ಟನೆ ನಿಲ್ಲಿಸುವುದು ಜೀವಕ್ಕೇ ಅಪಾಯ. ದೇಹದೊಳಗೆ ಈ ಜಾತಿಯ ಹಾರ್ಮೋನ್ ತಯಾರಿಸುವ ಅಡ್ರಿನಲ್ ಗ್ರಂಥಿ ಅಷ್ಟರಲ್ಲಿ ತನ್ನ ಕೆಲಸ ಮರೆತಿರುತ್ತದೆ. ಸ್ಟೀರಾಯ್ಡ್ ಎಂಬ ಹೆಸರಿಗೇ ಅಂಜಿ, ತೀರ ಕಡಿಮೆ ಪ್ರಮಾಣದ ಇನ್‌ಹೇಲರನ್ನೂ ದೂರವಿಟ್ಟು ಉಬ್ಬಸ ಉಲ್ಬಣಿಸಿಕೊಳ್ಳುವವರಿದ್ದಾರೆ. ಆದರೆ ಈ ಅಂಜಿಕೆ ಹುಟ್ಟಿದ್ದು ಅರೆಬರೆ ತಿಳಿವಿನಿಂದ. ಅಪಾಯವನ್ನೂ ಅದಕ್ಕಿರುವ ಉಪಾಯವನ್ನೂ ಒಟ್ಟಿಗೆ ಹೇಳಿದರೆ ರೋಗಿಗೆ ಧೈರ್ಯವೇ ಬರುತ್ತದೆ.

ಉಪಾಯಗಳು ಇವೆ. ರೋಗ ಹತೋಟಿಗೆ ಬಂದಂತೆ ಪ್ರಮಾಣವನ್ನು ಕನಿಷ್ಠಕ್ಕೆ ಇಳಿಸುವುದು, ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್, ಸಾಕಷ್ಟು ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ, ನಡಿಗೆ, ಧೂಮಪಾನ ಬಿಡುವುದು. ಅಪಾಯ ಹೆಚ್ಚಿದ್ದರೆ ಮೂಳೆಯ ಸವೆತ ತಡೆಯುವ ಅಲೆಂಡ್ರೊನೇಟ್ ಮಾತ್ರೆ, ವಾರಕ್ಕೊಮ್ಮೆ. ಅದನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಲೋಟ ನೀರಿನೊಂದಿಗೆ ನುಂಗಿ, ಅರ್ಧ ಗಂಟೆ ಮಲಗದೆ ಇರಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದು ನಮ್ಮ ಭಾಗ್ಯವೇ. ಆದರೆ ದಿನವೂ ಮುದ್ದೆ ಉಣ್ಣುತ್ತೇನೆಂದು ಸ್ಟೀರಾಯ್ಡ್ ನುಂಗುವವರು ನಿಶ್ಚಿಂತರಾಗಿರಲು ಬರುವುದಿಲ್ಲ.

ಚೀಟಿಯೇ ಇಲ್ಲದೆ ನುಂಗುವವರ ಪಾಡು ಇನ್ನೂ ಕಷ್ಟ. ಪ್ರೆಡ್ನಿಸೋಲೋನ್ ಶೆಡ್ಯೂಲ್ ಎಚ್ ಔಷಧ. ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಆದರೂ ಮಂಡಿನೋವಿಗೆ, ಅಲರ್ಜಿಗೆ ಹಳೆಯ ಖಾಲಿ ಸ್ಟ್ರಿಪ್ ತೋರಿಸಿದರೆ ಹೊಸದು ಸಿಗುವ ಅಂಗಡಿಗಳಿವೆ. ಒಳಗೆ ಸ್ಟೀರಾಯ್ಡ್ ಬೆರೆಸಿದ, ಹೆಸರಿಲ್ಲದ ನೋವಿನ ಪುಡಿಗಳೂ ಇವೆ. ಅಂಥ ಪೊಟ್ಟಣ ತಿನ್ನುವವರಿಗೆ ತಾವು ಏನು ತಿನ್ನುತ್ತಿದ್ದೇವೆಂದೇ ತಿಳಿದಿರುವುದಿಲ್ಲ. ಇಲ್ಲಿ ಬೇಕಾದದ್ದು ಕಾನೂನಿನ ಕಟ್ಟುನಿಟ್ಟು.

ರೋಗಿ ತಾನೇ ಕೇಳಬಾರದೇಕೆ ಎನ್ನಬಹುದು. ಕೇಳಲಿ, ‘ಡಾಕ್ಟ್ರೇ, ನನ್ನ ಮೂಳೆಗೆ ಏನು ಬರೆದಿದ್ದೀರಿ?’ ಎಂದು ಕೇಳುವ ಹಕ್ಕು ಎಲ್ಲರಿಗೂ ಇದೆ. ಆದರೆ ಕೇಳಬೇಕೆಂದೇ ತಿಳಿಯದವರು ನಮ್ಮಲ್ಲಿ ಬಹಳ. ಅವರ ಮೇಲೆ ಹೊರೆ ಹಾಕಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಅಪಾಯ ಗೊತ್ತಿರುವುದು ಬರೆಯುವವರಿಗೆ, ತಡೆಯುವ ದಾರಿ ಗೊತ್ತಿರುವುದೂ ಅವರಿಗೇ. ಪೆನ್ನು ಹಿಡಿದವರೇ ಹೊಣೆಯನ್ನೂ ಹೊರಬೇಕು.