ಸಮ್ಮತಿಯ ಸಹಿಗೆ ಮುನ್ನ

ವಿಚ್ಛೇದನ ಹೆಚ್ಚುತ್ತಿದೆ, ಕುಟುಂಬ ಕುಸಿಯುತ್ತಿದೆ ಎಂಬ ಆತಂಕ ಹೊಸದಲ್ಲ. 1955ರ ಹಿಂದೂ ವಿವಾಹ ಕಾಯ್ದೆ ರೂಪುಗೊಳ್ಳುವಾಗಲೂ ಈ ಮಾತು ಕೇಳಿಬಂದಿತ್ತು. ಆದರೆ ಮುರಿದ ದಾಂಪತ್ಯದಿಂದ ಹೊರಬರಲು ಕಾನೂನಿನಲ್ಲಿ ಯಾವ ದಾರಿಗಳಿವೆ, ಅವು ಯಾರಿಗೆ ಎಟುಕುತ್ತವೆ ಎಂಬ ಚರ್ಚೆ ಮಾತ್ರ ನಡೆಯುವುದು ಅಪರೂಪ. ಈ ಮೌನಕ್ಕೆ ಹೆಚ್ಚಿನ ಬೆಲೆ ತೆರುವವರು ಸ್ವಂತ ವರಮಾನವಿಲ್ಲದ ಹೆಣ್ಣುಮಕ್ಕಳು ಎಂಬುದು ನನ್ನ ಅಭಿಪ್ರಾಯ.

ಈ ಕಾಯ್ದೆಯಲ್ಲಿ ವಿಚ್ಛೇದನಕ್ಕೆ ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, 13ನೇ ಸೆಕ್ಷನ್ ಪ್ರಕಾರ ಎದುರು ಪಕ್ಷದ ತಪ್ಪನ್ನು ಸಾಬೀತುಪಡಿಸುವುದು: ಕ್ರೌರ್ಯ, ವ್ಯಭಿಚಾರ, ಕನಿಷ್ಠ ಎರಡು ವರ್ಷಗಳ ಪರಿತ್ಯಾಗ ಮುಂತಾದ ಕಾರಣಗಳು ಇಲ್ಲಿ ಬರುತ್ತವೆ. ಇನ್ನೊಂದು, 1976ರ ತಿದ್ದುಪಡಿಯಿಂದ ಬಂದ ಪರಸ್ಪರ ಸಮ್ಮತಿಯ ವಿಚ್ಛೇದನ. ದಂಪತಿ ಒಂದು ವರ್ಷ ಬೇರೆಯಾಗಿ ಬಾಳಿರಬೇಕು. ಜಂಟಿ ಅರ್ಜಿ ಸಲ್ಲಿಸಿ ಆರು ತಿಂಗಳ ನಂತರ ಮತ್ತೆ ನ್ಯಾಯಾಲಯದ ಮುಂದೆ ಸಮ್ಮತಿಯನ್ನು ದೃಢಪಡಿಸಬೇಕು. ರಾಜಿಯ ಆಸೆಯೇ ಉಳಿಯದಿದ್ದು, ಜೀವನಾಂಶ ಹಾಗೂ ಮಕ್ಕಳ ಪಾಲನೆಯ ವಿಚಾರ ಇತ್ಯರ್ಥವಾಗಿದ್ದರೆ ನ್ಯಾಯಾಲಯ ಈ ಆರು ತಿಂಗಳ ಕಾಯುವಿಕೆಯನ್ನು ಮನ್ನಿಸಬಹುದೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ.

ಸಮ್ಮತಿಯ ದಾರಿ ಘನತೆಯದು, ಸಂದೇಹವಿಲ್ಲ. ಆದರೆ ಸಮ್ಮತಿಯೇ ಚೌಕಾಶಿಯ ಸರಕಾಗುವುದೂ ಇಲ್ಲಿಯೇ. ‘ಜೀವನಾಂಶ ಕೇಳಬೇಡ, ಒಡವೆಯ ಮಾತೆತ್ತಬೇಡ, ಆಗ ಸಹಿ ಹಾಕುತ್ತೇನೆ’ ಎಂಬ ಷರತ್ತಿನ ಮುಂದೆ, ವರ್ಷಗಟ್ಟಲೆ ವ್ಯಾಜ್ಯಕ್ಕೆ ಅಂಜಿದ ಹೆಣ್ಣು ಏನನ್ನು ತಾನೇ ಕೇಳಿಯಾಳು? ಅಂಥ ಸಹಿ ಸಮ್ಮತಿಯಲ್ಲ, ಶರಣಾಗತಿ.

ಹಾಗಾಗಿ ಸಹಿ ಹಾಕುವ ಮುನ್ನ ಕೆಲವು ಸಂಗತಿಗಳು ತಿಳಿದಿರಬೇಕು. 2003ರ ತಿದ್ದುಪಡಿಯ ಬಳಿಕ ಪತ್ನಿ ತಾನು ವಾಸಿಸುತ್ತಿರುವ ಊರಿನ ವ್ಯಾಪ್ತಿಯ ನ್ಯಾಯಾಲಯದಲ್ಲಿಯೇ ಅರ್ಜಿ ಹಾಕಬಹುದು. ಗಂಡನ ಊರಿಗೆ ಅಲೆಯಬೇಕಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ, ವರಮಾನ ಎಷ್ಟೇ ಇರಲಿ, ಮಹಿಳೆ ಉಚಿತ ಕಾನೂನು ನೆರವಿಗೆ ಅರ್ಹಳು. ತಾಲ್ಲೂಕು ಮಟ್ಟದ ಸಮಿತಿಯಲ್ಲಿಯೂ ಇದನ್ನು ಕೇಳಬಹುದು. ಮೊಕದ್ದಮೆ ನಡೆಯುತ್ತಿರುವಾಗಲೇ ಮಧ್ಯಂತರ ಜೀವನಾಂಶ ಮತ್ತು ವ್ಯಾಜ್ಯದ ಖರ್ಚನ್ನು ಕೋರಲು 24ನೇ ಸೆಕ್ಷನ್ ಅವಕಾಶ ನೀಡಿದೆ. ಜೀವನಾಂಶದ ಪ್ರಕರಣಗಳಲ್ಲಿ ಎರಡೂ ಕಡೆಯವರು ಆಸ್ತಿ ಮತ್ತು ಸಾಲದ ವಿವರಗಳನ್ನು ಪ್ರಮಾಣಪತ್ರದಲ್ಲಿ ಸಲ್ಲಿಸಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟ್ ನಿರ್ದೇಶಿಸಿದೆ. ಮೊದಲ ಅರ್ಜಿಗೆ ಸಹಿ ಹಾಕಿದ ಮಾತ್ರಕ್ಕೆ ಎಲ್ಲವೂ ಮುಗಿಯುವುದಿಲ್ಲ. ಡಿಕ್ರಿ ಹೊರಬೀಳುವವರೆಗೆ ಸಮ್ಮತಿಯನ್ನು ಹಿಂಪಡೆಯಬಹುದು ಎಂಬುದು 1991ರ ತೀರ್ಪಿನ ಸಾರ.

ಆದರೆ ತಿಳಿವಳಿಕೆಯೊಂದೇ ಸಾಲದು. ಒಬ್ಬರು ಸಮ್ಮತಿಸದಿದ್ದರೆ, ತಪ್ಪನ್ನು ಸಾಬೀತುಪಡಿಸಲೂ ಆಗದಿದ್ದರೆ, ಸತ್ತುಹೋದ ದಾಂಪತ್ಯ ಕಾಗದದ ಮೇಲೆ ಬದುಕಿಯೇ ಇರುತ್ತದೆ. ಸರಿಪಡಿಸಲಾಗದಷ್ಟು ಮುರಿದ ವಿವಾಹವನ್ನು ವಿಚ್ಛೇದನಕ್ಕೆ ಕಾರಣವೆಂದು ಒಪ್ಪಬೇಕೆಂದು ಕಾನೂನು ಆಯೋಗ 1978ರಲ್ಲಿಯೇ ಹೇಳಿತ್ತು. ಸುಪ್ರೀಂ ಕೋರ್ಟ್ 2006ರಲ್ಲಿ ಅದನ್ನೇ ಶಿಫಾರಸು ಮಾಡಿತು. ಈ ಕುರಿತ ಮಸೂದೆ 2013ರಲ್ಲಿ ರಾಜ್ಯಸಭೆಯ ಅಂಗೀಕಾರ ಪಡೆದರೂ ಕಾಯ್ದೆಯಾಗಲಿಲ್ಲ. ಇಂಥ ವಿವಾಹವನ್ನು ಸಂವಿಧಾನದ 142ನೇ ವಿಧಿಯಡಿ ತಾನು ರದ್ದುಪಡಿಸಬಹುದೆಂದು 2023ರ ಮೇ 1ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಹೇಳಿತು. ಆದರೆ ಅದಕ್ಕಾಗಿ ನೇರವಾಗಿ ರಿಟ್ ಅರ್ಜಿ ಹಾಕುವಂತಿಲ್ಲ ಎಂದೂ ಸ್ಪಷ್ಟಪಡಿಸಿತು. ಅಂದರೆ ಕಲಬುರಗಿಯ ಕೌಟುಂಬಿಕ ನ್ಯಾಯಾಲಯ ಕೊಡಲಾರದ ಪರಿಹಾರಕ್ಕೆ ದೆಹಲಿಯವರೆಗೆ ವ್ಯಾಜ್ಯ ಬೆಳೆಸಬೇಕು. ಇದು ಉಳ್ಳವರ ಪರಿಹಾರವೇ ಹೊರತು ಬಡವರದಲ್ಲ.

ಈ ಕಾರಣವನ್ನು ಕಾಯ್ದೆಗೆ ಸೇರಿಸಿದರೆ ಗಂಡಂದಿರು ಹೆಂಡತಿಯರನ್ನು ಸುಲಭವಾಗಿ ಕೈಬಿಟ್ಟಾರು ಎಂಬ ಭೀತಿ ನಿರಾಧಾರವಲ್ಲ. ಆ ಭೀತಿಗೆ ಉತ್ತರ ಬಾಗಿಲು ಮುಚ್ಚುವುದಲ್ಲ. ತೀವ್ರ ಆರ್ಥಿಕ ಸಂಕಷ್ಟಕ್ಕೆ ಸಿಲುಕುವ ಪತ್ನಿ ವಿಚ್ಛೇದನವನ್ನು ವಿರೋಧಿಸುವ ಹಕ್ಕು, ಪತಿಯ ಆಸ್ತಿಯಿಂದ ಆಕೆಗೆ ಪರಿಹಾರ ಎಂಬ ಎರಡು ರಕ್ಷಣೆಗಳನ್ನು 2013ರ ಮಸೂದೆಯೇ ಸೂಚಿಸಿತ್ತು. ಸಂಸತ್ತು ಅಲ್ಲಿಂದ ಮುಂದುವರಿಯಲಿ. ಮದುವೆಗೆ ಸಮ್ಮತಿ ಎಷ್ಟು ಮುಖ್ಯವೋ, ಅದರಿಂದ ಹೊರಬರುವಾಗ ನೀಡುವ ಸಮ್ಮತಿಯೂ ನಿರ್ಭೀತವಾಗಿರುವುದು ಅಷ್ಟೇ ಮುಖ್ಯ.