ನೀರಿನ ದಾರಿಯನ್ನರಿಯದ ನಕ್ಷೆ

ಬೆಟ್ಟದೂರಿನ ರೈತನು ಮನೆಗೆ ಬುನಾದಿ ತೋಡುವ ಮುನ್ನ ಮಳೆನೀರು ಎಲ್ಲಿಂದ ಇಳಿದು ಎತ್ತ ಹರಿಯುತ್ತದೆಂಬುದನ್ನು ನೋಡುತ್ತಾನೆ. ಈ ವಿವೇಕವು ನಗರಯೋಜನೆಯಲ್ಲಿ ಕಾಣೆಯಾದರೆ ಏನಾಗುತ್ತದೆಂಬುದಕ್ಕೆ ಬೆಂಗಳೂರಿನ ವೈಟ್‌ಫೀಲ್ಡ್ ನಿದರ್ಶನವಾಗಿದೆ.

1882ರಲ್ಲಿ ಮಹಾರಾಜ ಚಾಮರಾಜೇಂದ್ರ ಒಡೆಯರು ಆಂಗ್ಲೋ-ಇಂಡಿಯನ್ನರ ಕೃಷಿ ವಸಾಹತಿಗೆ ನೀಡಿದ ಭೂಮಿಯಲ್ಲಿ ಈ ಊರು ಹುಟ್ಟಿತು. 1990ರ ದಶಕದಲ್ಲಿ ಮಾಹಿತಿ ತಂತ್ರಜ್ಞಾನ ಪಾರ್ಕ್ ಬಂದ ಬಳಿಕ ಹೊಲ, ತೋಟಗಳ ಜಾಗದಲ್ಲಿ ಬಹುಮಹಡಿ ಕಟ್ಟಡಗಳೆದ್ದವು. ಆದರೆ ನೆಲದ ಇಳಿಜಾರು ಬದಲಾಗಲಿಲ್ಲ. ಬೆಳ್ಳಂದೂರು ಕೆರೆಯ ನೀರು ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ ಹರಿಯಲೇಬೇಕು. 2022ರ ಸೆಪ್ಟೆಂಬರಿನಲ್ಲಿ ಮಹದೇವಪುರ ವಲಯದ ಬಡಾವಣೆಗಳು ಜಲಾವೃತವಾಗಿ, ನಿವಾಸಿಗಳನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಸಾಗಿಸಬೇಕಾಯಿತು.

ಯೋಜನೆಯೇ ಇರಲಿಲ್ಲವೆಂದಲ್ಲ. 2007ರಲ್ಲಿ ಅನುಮೋದನೆ ಪಡೆದ ಮಹಾಯೋಜನೆಯು ಕೆರೆಯಂಚಿನಿಂದ 30 ಮೀಟರ್, ರಾಜಕಾಲುವೆಗಳಿಗೆ ಅವುಗಳ ದರ್ಜೆಯಂತೆ 50, 25, 15 ಮೀಟರ್ ಅಂತರವನ್ನು ವಿಧಿಸಿತು. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಕೆರೆಯ ಅಂತರವನ್ನು 75 ಮೀಟರಿಗೆ ಏರಿಸಿತು. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ರದ್ದುಗೊಳಿಸಿತು. ವಿವಾದವೆಲ್ಲ ಮೀಟರುಗಳ ಸುತ್ತ ನಡೆಯಿತು. ಆಯಾ ಜಾಗದ ಇಳಿಜಾರೆಷ್ಟು, ತಗ್ಗೆಲ್ಲಿದೆ, ಮೇಲಿನ ಬಡಾವಣೆಯ ನೀರು ಎಲ್ಲಿಗೆ ಬೀಳುತ್ತದೆ ಎಂಬ ಪ್ರಶ್ನೆಗಳು ಹಿಂದುಳಿದವು.

ಸ್ಥಳಾನುಸಾರ ಯೋಜನೆಯೆಂದರೆ ಬಿಲ್ಡರುಗಳಿಗೆ ವಿನಾಯಿತಿಯ ಬಾಗಿಲು ತೆರೆದಂತೆ ಎಂಬ ಆತಂಕ ಸಹಜವಾದುದು. ಆದ್ದರಿಂದಲೇ ಕಾನೂನಿನ ಅಂತರವು ಕನಿಷ್ಠ ಮಿತಿಯಾಗಿ ಉಳಿಯಬೇಕು. ಸ್ಥಳಪರಿಶೀಲನೆಯು ಅದನ್ನು ಹೆಚ್ಚಿಸಬಹುದೇ ಹೊರತು ಎಂದಿಗೂ ತಗ್ಗಿಸಬಾರದು. ಪರವಾನಗಿಗೆ ಮುನ್ನ ಕಂದಾಯ ಇಲಾಖೆಯ ಹಳೆಯ ಗ್ರಾಮನಕಾಶೆಯೊಡನೆ ನಿವೇಶನವನ್ನು ತಾಳೆ ನೋಡಬೇಕು. ಕಣಿವೆಯೊಂದನ್ನು ಒಂದೇ ಘಟಕವಾಗಿ ಪರಿಗಣಿಸಿ, ಕೆಳಗಿನ ಊರಿನವರ ಮಾತನ್ನೂ ಬಹಿರಂಗ ಸಭೆಯಲ್ಲಿ ಕೇಳಬೇಕು. 1992ರ ಸಂವಿಧಾನದ 74ನೆಯ ತಿದ್ದುಪಡಿಯು ವಾರ್ಡ್ ಸಮಿತಿಗಳಿಗೆ ಅವಕಾಶ ಕಲ್ಪಿಸಿರುವಾಗ, ಕಾಲುವೆ ಹಿಂದೆ ಎಲ್ಲಿತ್ತೆಂದು ಬಲ್ಲ ಹಿರಿಯರನ್ನು ಹೊರಗಿಟ್ಟು ನಕ್ಷೆ ಬರೆಯುವುದು ಅನ್ಯಾಯವಷ್ಟೇ ಅಲ್ಲ, ಅಪಾಯವೂ ಹೌದು.

ಇದು ಬಯಲುಸೀಮೆಯ ನಗರವೊಂದರ ಕಥೆಯೆಂದು ಮಲೆನಾಡು ಸುಮ್ಮನಿರುವಂತಿಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ, ಅತಿವೃಷ್ಟಿಯ ಜೊತೆಗೆ ಮನುಷ್ಯರು ಇಳಿಜಾರುಗಳನ್ನು ಕಡಿದದ್ದೂ ಕಾರಣವೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಗುರುತಿಸಿತು. ವೈಟ್‌ಫೀಲ್ಡಿನಲ್ಲಿ ತಪ್ಪಿದ ನಕ್ಷೆಯು ಮನೆಯೊಳಗೆ ನೀರು ತಂದಿತು. ಬೆಟ್ಟದಲ್ಲಿ ಅಂಥದೇ ನಕ್ಷೆಯು ಮನೆಯನ್ನೇ ಕೊಚ್ಚಿಕೊಂಡು ಹೋಗುತ್ತದೆ. ರೆಸಾರ್ಟು, ಬಡಾವಣೆಗಳ ಅರ್ಜಿಗಳು ಗ್ರಾಮ ಪಂಚಾಯಿತಿಯ ಮೇಜಿಗೆ ಬಂದಾಗ, ಸಹಿಗೆ ಮೊದಲು ಆ ಜಾಗದ ಹಳ್ಳ, ಒರತೆ, ಇಳಿಜಾರುಗಳನ್ನು ನಡೆದು ನೋಡುವಂತೆ ಗ್ರಾಮಸಭೆಯು ಒತ್ತಾಯಿಸಲಿ; ಹಳ್ಳ, ಒರತೆಗಳನ್ನು ಗುರುತಿಸಿ ಊರಿನ ನಕ್ಷೆ ಬರೆಯುವ ಕೆಲಸಕ್ಕೆ ವಿದ್ಯಾರ್ಥಿಗಳು ಕೈಜೋಡಿಸಲಿ.