ಹಾಡಿನ ತಂಡದ ಚೀಲದಲ್ಲಿ ಏನಿರಬೇಕು?



ರಜೆ ಹತ್ತಿರ ಬಂತು. ಜಾಥಾಕ್ಕೆ ಹೊರಡುವ ಹಾಡಿನ ತಂಡಗಳು ತಯಾರಾಗುತ್ತಿವೆ. ಹಾಸ್ಟೆಲಿನ ಹುಡುಗರು ಬಂದು ಕೇಳುತ್ತಾರೆ: 'ಅಣ್ಣ, ಎಂಟು ದಿನ ಊರೂರು ತಿರುಗ್ಬೇಕಲ್ಲ, ಏನೇನ್ ತಗೊಂಡ್ ಬರ್ಬೇಕು?' ಇದೇನು ದೊಡ್ಡ ಪ್ರಶ್ನೆ ಅಂತ ಮೊದಲು ನಾವು ನಕ್ಕು ಸುಮ್ಮನಾಗುತ್ತಿದ್ದೆವು. ಈಗ ನಗುವುದಿಲ್ಲ. ನಗದೇ ಇರುವುದಕ್ಕೆ ಕಾರಣ ಇದೆ.

ಒಂದು ಸಲ ಮಳೆಗಾಲದಲ್ಲಿ ಹೊರಟಿದ್ದೆವು. ನಮ್ಮ ಚೀಲಗಳಲ್ಲಿ ಇಸ್ತ್ರಿ ಮಾಡಿದ ಶರ್ಟು, ಬಾಚಣಿಗೆ, ಪೌಡರ್ ಡಬ್ಬಿ ಎಲ್ಲಾ ಇತ್ತು. ತಮಟೆಗಳನ್ನು ಮಾತ್ರ ಟೆಂಪೋ ಮೇಲೆ ಹಾಗೇ ಎಸೆದಿದ್ದೆವು. ಊರು ಮುಟ್ಟೋ ಹೊತ್ತಿಗೆ ಮೂರೂ ತೊಯ್ದು ತೊಪ್ಪೆ. ಬಡಿದರೆ ಒದ್ದೆ ಗೋಣಿ ಬಡಿದಂತೆ ಸದ್ದು. ಕೇರಿಯ ಜನ ಬಂದು ಕೂತಿದ್ದಾರೆ, ನಮ್ಮಲ್ಲಿ ಒಬ್ಬರ ಹತ್ತಿರವೂ ಬೆಂಕಿಪೊಟ್ಟಣ ಇಲ್ಲ, ಒಣ ಹುಲ್ಲಿಲ್ಲ. ಕೊನೆಗೆ ಒಬ್ಬ ಅಜ್ಜ ಎದ್ದು ಹೋಗಿ ತನ್ನ ಕರುವಿನ ಕೊಟ್ಟಿಗೆಯಿಂದ ಒಂದು ಹಿಡಿ ಹುಲ್ಲು ತಂದು ಬೆಂಕಿ ಮಾಡಿದ. ಒಂದೊಂದೇ ತಮಟೆ ಕಾಯಿಸಿ, ಬೆರಳಲ್ಲಿ ತಟ್ಟಿ, ಕಿವಿಗೊಟ್ಟು ಕೇಳಿ ನಮ್ಮ ಕೈಗೆ ಕೊಟ್ಟ. ಕೊಡುವಾಗ ಒಂದು ಮಾತು ಕೇಳಿದ: 'ಹಾಡು ಕಲಿತ್ರಿ, ಚರ್ಮ ಕಾಯ್ಸೋದು ಕಲೀಲಿಲ್ವಾ ಮಕ್ಳಾ?'

ಆವತ್ತಿಂದ ಚೀಲದ ವಿಚಾರವನ್ನು ನಾವು ಹಗುರವಾಗಿ ತಗೊಳ್ಳುತ್ತಿಲ್ಲ.

ಮೊದಲು ತಮಟೆ. ಚರ್ಮ ತೇವ ಹೀರಿದರೆ ಸಡಿಲವಾಗುತ್ತದೆ, ಬೆಂಕಿಗೆ ಹಿಡಿದರೆ ಬಿಗಿಯಾಗುತ್ತದೆ. ಆದ್ದರಿಂದ ಬೆಂಕಿಪೊಟ್ಟಣ, ಹಳೇ ಪೇಪರು, ಒಂದಿಷ್ಟು ಒಣ ಹುಲ್ಲು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಇಟ್ಟುಕೊಳ್ಳಿ. ಉರಿಗೆ ತೀರಾ ಹತ್ತಿರ ಹಿಡಿಯಬೇಡಿ, ಚರ್ಮ ಸೀಳುತ್ತದೆ. ದಪ್ಪ ಕೋಲು, ಸಣ್ಣ ಬಿದಿರ ಕಡ್ಡಿ ಎರಡಕ್ಕೂ ಜೊತೆ ಇರಲಿ. ಕಡ್ಡಿ ಮುರಿಯುವುದು ಯಾವಾಗಲೂ ನಡು ಹಾಡಿನಲ್ಲೇ. ಬಾರಿಸುವವರ ಬೆರಳು ಒಡೆಯುತ್ತೆ, ಸುತ್ತಿಕೊಳ್ಳಲು ಬಟ್ಟೆಪಟ್ಟಿ ಬೇಕು. ಈಗ ಪ್ಲಾಸ್ಟಿಕ್ ಹೊದಿಕೆಯ ತಮಟೆ ಬಂದಿದೆ, ಮಳೆಗೆ ಜಗ್ಗುವುದಿಲ್ಲ. ಮಳೆಗಾಲಕ್ಕೆ ಅಂತ ಒಂದು ಇರಲಿ, ನಮ್ಮ ತಕರಾರಿಲ್ಲ. ಆದರೆ 'ಚರ್ಮ ಮುಟ್ಟೋದು ತಪ್ಪುತ್ತಲ್ಲ' ಅಂತ ಅದನ್ನು ಆರಿಸಿಕೊಂಡರೆ ಅದು ಮಳೆಯ ಭಯ ಅಲ್ಲ, ಮನುವಿನ ಭಯ.

ಹಾಸ್ಟೆಲಿಗೆ ಸೇರಿ ನಾಲ್ಕಕ್ಷರ ಕಲಿತ ಮೇಲೆ ತಮಟೆ ಹೊರುವುದಕ್ಕೆ ನಮ್ಮ ಹುಡುಗರು ನಾಚುತ್ತಾರೆ. ಬಸ್ಸಿನಲ್ಲಿ ಗೋಣಿಚೀಲದಲ್ಲಿ ಮುಚ್ಚಿ ಸೀಟಿನ ಕೆಳಗೆ ತಳ್ಳುತ್ತಾರೆ. ನಾಚಿಕೆ ಎಲ್ಲಿಂದ ಬಂತು ಅಂತ ನಮಗೂ ಗೊತ್ತು. ನಮ್ಮ ತಾತ, ಅಪ್ಪ ಊರಿನವರ ಹೆಣದ ಮುಂದೆ, ಹಬ್ಬದ ಮುಂದೆ ಬಿಟ್ಟಿ ಬಾರಿಸಿದ್ದಾರೆ. ಕೂಲಿ ಅಂದರೆ ಒಂದಿಷ್ಟು ಹೆಂಡ, ಒಂದು ಮರ ಕಾಳು. ಆ ಬಿಟ್ಟಿಯನ್ನು ನಿಲ್ಲಿಸಲೇಬೇಕು. ಆದರೆ ತಪ್ಪು ತಮಟೆಯದಲ್ಲ, ಬಿಟ್ಟಿ ಬಾರಿಸಿಕೊಂಡವರದು. 2023 ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ಸಂತೋಷ. ಆದರೆ ದಿಲ್ಲಿಯಲ್ಲಿ ಪದಕ ಕೊಟ್ಟ ಮಾತ್ರಕ್ಕೆ ಊರಿನ ಬೀದಿಯಲ್ಲಿ ತಮಟೆಯವನಿಗೆ ಜಗಲಿ ಸಿಗುವುದಿಲ್ಲ. ಇನ್ನೊಂದು ಮಾತು. ತಂಡದೊಳಗೆ ಮಾದಿಗರ ಹುಡುಗನೇ ದಿನಾ ತಮಟೆ ಹೊರುವುದು, ಹೊಲೆಯರ ಹುಡುಗನೇ ದಿನಾ ಮೈಕು ಹಿಡಿಯುವುದು ಆಗಬಾರದು. ಇವತ್ತು ನೀನು, ನಾಳೆ ಅವನು. ನಮ್ಮೊಳಗಿನ ಈ ಗಂಟನ್ನು ಬಿಚ್ಚದೆ ಊರಿನವರ ಗಂಟು ಬಿಚ್ಚೋಕೆ ಹೋಗುವುದು ಯಾವ ನ್ಯಾಯ?

ಇನ್ನು ನೀರು. ಬಾಬಾಸಾಹೇಬರು ಬರೆದಿಟ್ಟ ಒಂದು ನೆನಪನ್ನು ಪ್ರತಿ ತಂಡವೂ ಹೊರಡುವ ಮುಂಚೆ ಓದಬೇಕು. 1901 ರಲ್ಲಿ, ಅವರಿನ್ನೂ ಹುಡುಗ, ಅಣ್ಣ ಮತ್ತು ಸಂಬಂಧಿಕರ ಮಕ್ಕಳ ಜೊತೆ ತಂದೆ ಕೆಲಸದಲ್ಲಿದ್ದ ಊರಿಗೆ ಹೊರಟರು. ಹೊಸ ಅಂಗಿ, ಹೊಳೆಯುವ ಟೋಪಿ, ಹೊಸ ಜೋಡು, ರೇಷ್ಮೆ ಅಂಚಿನ ಧೋತ್ರ. ಬುತ್ತಿ ತುಂಬಾ ತಿಂಡಿ. ಮಸೂರ್ ಸ್ಟೇಷನ್ನಿನಲ್ಲಿ ಇಳಿದರು. ಇವರು ಮಹಾರರು ಅಂತ ತಿಳಿದದ್ದೇ ಗಾಡಿ ಹೊಡೆಯಲು ಯಾರೂ ಬರಲಿಲ್ಲ. ಕೊನೆಗೆ ಎರಡು ಪಟ್ಟು ಬಾಡಿಗೆ ಕೊಟ್ಟು ತಾವೇ ಗಾಡಿ ಹೊಡೆದುಕೊಂಡು ಹೋದರು, ಗಾಡಿಯವನು ಪಕ್ಕದಲ್ಲಿ ನಡೆದ. ದಾರಿಯಲ್ಲಿ ಕುಡಿಯೋಕೆ ನೀರು ಸಿಗಲಿಲ್ಲ. ನೀರಿಲ್ಲದ ಒಂದೇ ಕಾರಣಕ್ಕೆ, ಬುತ್ತಿಯಲ್ಲಿ ಅನ್ನ ಇದ್ದೂ ಮಕ್ಕಳು ಹಸಿದು ಮಲಗಿದರು. ಎಲ್ಲವನ್ನೂ ಕಟ್ಟಿಕೊಂಡಿದ್ದರು, ನೀರೊಂದನ್ನು ಬಿಟ್ಟು. ಅದು ಮಕ್ಕಳ ಮರೆವಲ್ಲ. ನೀರು ಕೇಳಿದರೆ ಯಾರಾದರೂ ಕೊಡುತ್ತಾರೆ ಅಂತ ನಂಬಿದ್ದರು, ಅಷ್ಟೆ.

ಹಾಗಾದರೆ ನೀರು, ಲೋಟ, ತಟ್ಟೆ ನಾವೇ ಒಯ್ಯಬೇಕಾ? ಇದರ ಮೇಲೆ ನಮ್ಮ ತಂಡದಲ್ಲಿ ಒಂದು ರಾತ್ರಿ ಇಡೀ ಜಗಳ ಆಗಿದೆ. ಒಬ್ಬರು ಅಂದರು, 'ಒಯ್ಯೋಣ, ಗಲಾಟೆ ಯಾಕೆ? ನಾವು ಹೋಗೋದು ಹಾಡೋಕೆ.' ಇನ್ನೊಬ್ಬರು ಅಂದರು, 'ನಮ್ಮ ಲೋಟ ನಾವೇ ಒಯ್ದರೆ ಹೋಟೆಲಿನವನಿಗೆ ಬೇರೆ ಲೋಟ ಇಡೋ ಖರ್ಚನ್ನು ನಾವೇ ಉಳಿಸಿದಂಗಾಯ್ತು.' ಎರಡರಲ್ಲೂ ಸತ್ಯ ಇದೆ. ನಾವು ಕೊನೆಗೆ ಮಾಡಿಕೊಂಡ ತೀರ್ಮಾನ ಇದು: ದಾರಿಗೆ ನೀರು ಒಯ್ಯಿರಿ, ಲೋಟವನ್ನೂ ಒಯ್ಯಿರಿ. ಹೋಟೆಲಿಗೆ ಕಾಲಿಟ್ಟ ಮೇಲೆ ಅದು ಚೀಲದಿಂದ ಹೊರಗೆ ಬರಬಾರದು. ಎಲ್ಲರಿಗೂ ಕೊಡುವ ಲೋಟದಲ್ಲೇ ಕಾಫಿ ಕೇಳಿ. 1927 ರ ಮಾರ್ಚ್ 20 ರಂದು ಮಹಾಡಿನ ಚೌದಾರ್ ಕೆರೆಗೆ ಬಾಬಾಸಾಹೇಬರ ಹಿಂದೆ ನಡೆದ ಸಾವಿರಾರು ಜನ ಹೋದದ್ದು ಬರೀ ಬಾಯಾರಿಕೆಗಲ್ಲ.

ಆದರೆ ದುಡುಕಬೇಡಿ. ನಾವು ರಾತ್ರಿ ಹಾಡಿ ಬೆಳಿಗ್ಗೆ ಬಸ್ಸು ಹತ್ತುತ್ತೇವೆ. ಆ ಊರಲ್ಲಿ ಉಳಿಯುವವರು, ಅದೇ ಗೌಡರ ಹೊಲಕ್ಕೆ ಕೂಲಿಗೆ ಹೋಗುವವರು ಕೇರಿಯ ಜನ. ಮೊದಲು ಅವರ ಜೊತೆ ಕೂತು ಮಾತಾಡಿ. ಅವರು ಜೊತೆಗೆ ಬಂದರೆ ಒಟ್ಟಿಗೆ ಹೋಗಿ. ಅವರನ್ನು ಕೇಳದೆ ಮೆರೆದು ಬಂದರೆ ನಮ್ಮ ಕ್ರಾಂತಿಯ ಸಾಲವನ್ನು ಅವರು ತೀರಿಸಬೇಕಾಗುತ್ತದೆ.

ಅದಕ್ಕೇ ಚೀಲದಲ್ಲಿ ಒಂದು ನೋಟ್‌ಬುಕ್ಕು, ಎರಡು ಪೆನ್ನು ಇರಲೇಬೇಕು. ಲೋಟ ಕೊಡದವನು, ಗುಡಿ ಮುಂದೆ ಹಾಡಬೇಡಿ ಎಂದವನು, ಕಲ್ಲು ಎಸೆದವನು: ಊರು, ದಿನ, ಹೊತ್ತು, ಆಡಿದ ಮಾತು, ನೋಡಿದವರು, ಎಲ್ಲವನ್ನೂ ಅಲ್ಲೇ ಬರೆದುಕೊಳ್ಳಿ. ಮೊಬೈಲಿನಲ್ಲಿ ಚಿತ್ರ ಹಿಡಿಯಿರಿ, ಆದರೆ ಬ್ಯಾಟರಿ ಸಾಯುತ್ತೆ, ನೋಟ್‌ಬುಕ್ಕು ಸಾಯಲ್ಲ. 1955 ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆಗೆ 1976 ರಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅಂತ ಹೆಸರಾಯಿತು. ಹೋಟೆಲಿನಲ್ಲಿ ಜನರಿಗಾಗಿ ಇಟ್ಟ ಲೋಟ, ತಟ್ಟೆಯನ್ನು ಮುಟ್ಟಬೇಡ ಅನ್ನುವುದು ಅದರ 4 ನೇ ಕಲಮಿನ ಪ್ರಕಾರ ಅಪರಾಧ. ಒಂದು ತಿಂಗಳಿಂದ ಆರು ತಿಂಗಳವರೆಗೆ ಸಜೆ, ಜೊತೆಗೆ ದಂಡ. ಜಾತಿ ಹಿಡಿದು ಬೈದರೆ, ಹೊಡೆದರೆ 1989 ರ ದೌರ್ಜನ್ಯ ತಡೆ ಕಾಯ್ದೆ ಇದೆ. ಈ ಎರಡು ಕಾಯ್ದೆಗಳ ಕನ್ನಡ ಪ್ರತಿ ಹಾಡಿನ ಪುಸ್ತಕದ ಜೊತೆಗೇ ಇರಲಿ.

ಅದೇ ನೋಟ್‌ಬುಕ್ಕಿನ ಇನ್ನೊಂದು ಕಡೆಯಿಂದ ಹಾಡು ಬರೆದುಕೊಳ್ಳಿ. ಕೇರಿಯ ಅಜ್ಜಿಯರ ಹತ್ತಿರ ನಮಗಿಂತ ಒಳ್ಳೆ ಹಾಡುಗಳಿವೆ. ನಾವು ಕೊಡೋಕೆ ಮಾತ್ರ ಹೋಗುವುದಲ್ಲ, ತರೋಕೂ ಹೋಗಬೇಕು. ಹಾಡಿದವರ ಹೆಸರನ್ನೂ ಬರೆಯಿರಿ.

ಹೆಣ್ಣುಮಕ್ಕಳ ಚೀಲದ ಮಾತನ್ನು ಯಾರೂ ಆಡುವುದಿಲ್ಲ, ನಾವು ಗಂಡಸರು ಕೇಳುವುದೂ ಇಲ್ಲ. ಮುಟ್ಟಿನ ಬಟ್ಟೆ, ಹೊದೆಯೋಕೆ ಕಂಬಳಿ, ಒಳ್ಳೆ ಟಾರ್ಚು ಅವರು ತರುತ್ತಾರೆ. ಆದರೆ ಬಚ್ಚಲು ಎಲ್ಲಿ, ಮಲಗೋ ಮನೆಗೆ ಬಾಗಿಲು ಇದೆಯಾ ಅಂತ ಮುಂಚೆಯೇ ಕೇಳುವುದು ಇಡೀ ತಂಡದ ಕೆಲಸ. ಅಕ್ಕತಂಗಿಯರು ಎರಡು ದಿನಕ್ಕೇ ವಾಪಸ್ ಹೋದರೆ 'ಮನೇಲಿ ಬಿಡಲ್ಲ' ಅಂತ ಅವರ ಅಪ್ಪಂದಿರನ್ನು ದೂರುತ್ತೇವೆ. ನಮ್ಮ ವ್ಯವಸ್ಥೆಯನ್ನು ದೂರಿಕೊಳ್ಳುವುದಿಲ್ಲ.

ಉಳಿದದ್ದು ಬೇಗ ಹೇಳುತ್ತೇವೆ. ಎರಡು ಜೊತೆ ಬಟ್ಟೆ ಸಾಕು. ಪುರಿ, ಹುರಿಗಡಲೆ, ಬೆಲ್ಲ. ಗಂಟಲಿಗೆ ಉಪ್ಪು, ಶುಂಠಿ. ಜ್ವರದ ಮಾತ್ರೆ. ವಾಪಸ್ ಬರೋ ಬಸ್ ಚಾರ್ಜು ಪ್ರತಿಯೊಬ್ಬರ ಒಳಜೇಬಿನಲ್ಲಿ ಬೇರೆಯಾಗಿ. ಕರೆಸುವ ಸಂಘಟಕರಿಗೂ ಒಂದು ಮಾತು: ಹಾಡುವವರಿಗೆ ಊಟ, ಬಸ್ ಚಾರ್ಜು ಕೊಡದೆ 'ಚಳವಳಿಗೆ ದುಡ್ಡಾ?' ಅನ್ನುವುದೂ ಬಿಟ್ಟಿ ಚಾಕರಿಯೇ. ಹೆಂಡದ ಬಾಟ್ಲಿ ಚೀಲದಲ್ಲಿ ಬೇಡ. ನಮ್ಮ ಹಿರಿಯರ ಕೂಲಿಯನ್ನು ಅದರಲ್ಲೇ ಮುಗಿಸಿದರು ಅನ್ನುವುದು ನೆನಪಿರಲಿ.

ಗದ್ದರ್ 2023 ರ ಆಗಸ್ಟ್ 6 ರಂದು ತೀರಿಕೊಂಡರು. ಹೆಗಲ ಮೇಲೊಂದು ಕಂಬಳಿ, ಕೈಯಲ್ಲೊಂದು ಕೋಲು ಹಿಡಿದು ಹಾಡಿದ ಆ ಮನುಷ್ಯನ ಮುಂದೆ ತೆಲುಗು ನಾಡಿನ ಲಕ್ಷಾಂತರ ಜನ ಕೂರುತ್ತಿದ್ದರು. ಮಹಾರಾಷ್ಟ್ರದಲ್ಲಿ ವಾಮನದಾದಾ ಕರ್ಡಕ್ ಹಳ್ಳಿಯಿಂದ ಹಳ್ಳಿಗೆ ಭೀಮನ ಹಾಡು ಹೊತ್ತು ತಿರುಗಿದರು. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975 ರಲ್ಲಿ ಅಚ್ಚಾಯಿತು. ಆ ಹಾಡುಗಳನ್ನು ಕೇರಿಕೇರಿಗೆ ಮುಟ್ಟಿಸಿದ್ದು ಪುಸ್ತಕದ ಅಂಗಡಿಯಲ್ಲ, ತಮಟೆ ಹೊತ್ತು ನಡೆದ ಹೆಸರಿಲ್ಲದ ಹುಡುಗ ಹುಡುಗಿಯರು.

ಈ ಸಲ ನೀವು ಹೊರಡುತ್ತಿದ್ದೀರಿ. ತಮಟೆಗೆ ಬಟ್ಟೆ ಸುತ್ತಿ, ಆದರೆ ಮಳೆಗೆ ಮಾತ್ರ ಸುತ್ತಿ. ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಕೂತುಕೊಳ್ಳಿ. ಪಕ್ಕದವನು 'ಏನಪ್ಪಾ ಅದು?' ಅಂತ ಕೇಳಿದರೆ ಬಿಚ್ಚಿ ತೋರಿಸಿ.

ಜೈ ಭೀಮ್.